ಎದೆಮಟ್ಟದಲ್ಲಿ ಕೈ

ಬಸ್ ಡ್ರೈವರನ ಬಾಯಲ್ಲಿ ಒಂದು ಇಡೀ ಬಸ್ಸೇ ಇತ್ತು. ಬಾಗಿಲು ಮುಚ್ಚುವ ಕಿರಕಿರಿ, ಬ್ರೇಕ್ ಬಿಟ್ಟಾಗಿನ 'ಫುಸ್ಸ್', ಚಿಲ್ಲರೆ ಇಲ್ಲವೆನ್ನುವ ಕಂಡಕ್ಟರನ ಗೊಗ್ಗರು ದನಿ, ಕಿಟಕಿ ಪಕ್ಕದ ಸೀಟಿಗೆ ಕಿತ್ತಾಡುವ ಅತ್ತೆ ಸೊಸೆ, ಎಲ್ಲರನ್ನೂ ಅವನು ಊಟದ ಹೊತ್ತಿಗೆ ಮನೆಗೆ ಕರೆತಂದು ಕೂರಿಸುತ್ತಿದ್ದ. ಆದರೆ ಆ ಗುರುವಾರ, ಡಿಪೋದಲ್ಲಿ ವರ್ಷಕ್ಕೊಮ್ಮೆ ನಡೆಯುವ ತಪಾಸಣೆ ಮುಗಿಸಿ ಬಂದವನು ಒಬ್ಬರನ್ನೇ ಕರೆತಂದ. ಡಾಕ್ಟರನ್ನು.

ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಗಂಟಲಿಗೆ ಹತ್ತಿ ತುರುಕಿದಂಥ ದನಿಯಲ್ಲಿ ಶುರುಮಾಡಿದ. "ನೋಡಪ್ಪ, ನಿನ್ನ ಬಿ.ಪಿ. ಮೇಲಿನದು ನೂರ ಎಪ್ಪತ್ತೆರಡು. ನೂರ ಅರವತ್ತು ದಾಟಿದೋರಿಗೆ ನಾನು ಸಹಿ ಹಾಕಲ್ಲ. ಒಂದೇ ಸಲದ ಅಳತೆ ನಂಬೋದೂ ಇಲ್ಲ. ಸೋಮವಾರ ಇನ್ನೊಂದ್ಸಲ ಬಾ. ಆಗಲೂ ಹೀಗೇ ಇದ್ರೆ ಸ್ಟೀರಿಂಗ್ ಬಿಡು, ಟೈರ್ ಗೋದಾಮಿಗೆ ನಡಿ."

ಮಗಳು ತಟ್ಟೆಯ ಮೇಲೆ ಬಗ್ಗಿ ನಕ್ಕಳು. ಏಳನೇ ಕ್ಲಾಸು. ಕೇಳಿದ್ದನ್ನೆಲ್ಲ ಕೇಳಿದ ಹಾಗೇ ಒಪ್ಪಿಸುತ್ತಾಳೆಂದು ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ಗಿಣಿ ಎಂದೇ ಹೆಸರು. ಹೆಂಡತಿ ನಗಲಿಲ್ಲ. ಅವಳು ಗಿಣಿಯ ಶಾಲೆಯಲ್ಲೇ ವಿಜ್ಞಾನದ ಟೀಚರ್. ಯಾವ ಹುಡುಗ ಹೋಂವರ್ಕ್ ಮಾಡದೆ ಬಂದು ಹಲ್ಲು ಕಿರಿಯುತ್ತಿದ್ದಾನೆ ಎಂಬುದು ಅವಳಿಗೆ ಬಾಗಿಲಿನಿಂದಲೇ ತಿಳಿಯುತ್ತದೆ.

"ಅವತ್ತು ಸಿಗ್ನಲ್‌ನಲ್ಲಿ ಮೂರೂ ಬಣ್ಣ ಒಟ್ಟಿಗೆ ಕಂಡ್ವು ಅಂದಿದ್ರಲ್ಲ, ಅದನ್ನ ಡಾಕ್ಟರಿಗೆ ಹೇಳಿದ್ರಾ?"

"ಅದು ತಮಾಷೆಗೆ ಹೇಳಿದ್ದು ಟೀಚರಮ್ಮ."

"ಯಾವುದು ತಮಾಷೆ? ಕಂಡಿದ್ದಾ, ಹೇಳಿದ್ದಾ?"

ಅವನು ಬಾಯಲ್ಲಿ ಬ್ರೇಕಿನ ಸದ್ದು ಮಾಡಿ ಎದ್ದು ಕೈ ತೊಳೆಯಲು ಹೋದ. ಸದ್ದು ಸರಿಯಾಗಿ ಬರಲಿಲ್ಲ. ಎಲ್ಲೋ ಗಾಳಿ ಸೋರಿದಂತಿತ್ತು.

ಗೋದಾಮು ಎಂದರೆ ಡಿಪೋದ ಹಿಂಬದಿಯ ತಗಡಿನ ಶೆಡ್ಡು. ಸ್ಟೀರಿಂಗ್ ಹಿಡಿಯಬಾರದೆನಿಸಿಕೊಂಡವರು ಅಲ್ಲಿ ಟೈರುಗಳಿಗೆ ಗಾಳಿ ತುಂಬುತ್ತ, ಮೀಟರು ಹಿಡಿದು ಒತ್ತಡ ನೋಡುತ್ತ ಕೂರುತ್ತಾರೆ. ಕೆಲಸ ಹೋಗುವುದಿಲ್ಲ, ಸಂಬಳವೂ ಹೋಗುವುದಿಲ್ಲ. ಹೋಗುವುದು ರಸ್ತೆ. ಊರಿನ ಅತಿ ಕಿರಿದಾದ ತಿರುವಿನಲ್ಲಿ ಹಿಂದಿನ ಚಕ್ರ ಎಲ್ಲಿದೆಯೆಂದು ಬೆನ್ನಿನಿಂದಲೇ ಬಲ್ಲವನಿಗೆ ಅದೊಂದನ್ನು ಕಿತ್ತುಕೊಂಡರೆ ಉಳಿಯುವುದು ಬರೀ ಬೆನ್ನು. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಅವನು ನೋಡಿರಲೂ ಇಲ್ಲ.

ಮರುದಿನ ಏಳನೇ ಕ್ಲಾಸಿನಲ್ಲಿ ಪಾಠ ಒತ್ತಡದ್ದೇ. ಪಠ್ಯಕ್ರಮಕ್ಕೆ ಮನೆಯ ಸುದ್ದಿ ಯಾರು ಹೇಳಿದರೋ. ಬರೆಯುವಾಗಲೇ ಒಂದು ಒತ್ತು ಬೇಡುವ ಪದವನ್ನು ಟೀಚರ್ ಹಲಗೆಯ ಮೇಲೆ ಬರೆದು, ಮೇಜಿನ ಮೇಲೆ ಉದ್ದನೆಯ ಬಾಟಲಿ ಇಟ್ಟಳು. ಬಾಟಲಿಯ ಒಂದೇ ಬದಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು. ಮೂರಕ್ಕೂ ಟೇಪು. ನೀರು ತುಂಬಿಸಿ ಟೇಪು ಕಿತ್ತಾಗ ಮೇಲಿನ ತೂತಿನ ನೀರು ಬಾಟಲಿಗೆ ಅಂಟಿಕೊಂಡೇ ಇಳಿಯಿತು, ನಡುವಿನದು ಒಂದಿಷ್ಟು ಮುಂದೆ ಹಾರಿತು, ಕೆಳಗಿನದು ಮೊದಲ ಬೆಂಚಿನವರ ಮುಖ ತೊಳೆಯಿತು.

"ನೀರು ಒಂದೇ, ಬಾಟಲಿನೂ ಒಂದೇ. ಕೆಳಗಿಂದು ಯಾಕೆ ಜೋರು?"

"ಮೇಲಿರೋ ನೀರೆಲ್ಲ ಅದರ ತಲೆ ಮೇಲೆ ಕೂತಿದೆ ಮಿಸ್," ಎಂದ ಮುಖ ಒರೆಸಿಕೊಳ್ಳುತ್ತಿದ್ದವನು.

"ಮಿಸ್, ನಮ್ಮದು ಮೂರನೇ ಮಹಡಿ. ಟ್ಯಾಂಕು ತಲೆ ಮೇಲೇ ಇದೆ. ನಮ್ಮ ನಲ್ಲಿ ಅಳುತ್ತೆ. ಕೆಳಗಿನ ಮನೆಯೋರ ನಲ್ಲಿ ಬೈಯುತ್ತೆ," ಎಂದಳು ಹಿಂದಿನ ಬೆಂಚಿನ ಹುಡುಗಿ.

ಕ್ಲಾಸೆಲ್ಲ ನಕ್ಕಿತು. ಟೀಚರೂ ನಕ್ಕು, ಸರಿ ಎಂದಳು. ಎತ್ತರದ ಲೆಕ್ಕವೇ ಲೆಕ್ಕ. ಟ್ಯಾಂಕು ಎಷ್ಟು ಅಗಲ ಎಂಬುದಲ್ಲ, ನೀರಿನ ಮಟ್ಟದಿಂದ ನಲ್ಲಿ ಎಷ್ಟು ಕೆಳಗಿದೆ ಎಂಬುದು. ನಲ್ಲಿ ಕೆಳಗಿಳಿದಷ್ಟೂ ಒತ್ತಡ ಹೆಚ್ಚು, ಮೇಲೇರಿದಷ್ಟೂ ಕಡಿಮೆ.

ಆಗ ಗಿಣಿ ಕೈ ಎತ್ತಿದಳು. "ರಕ್ತಾನೂ ಹಾಗೇನಾ ಮಿಸ್? ಮೈಯೊಳಗೆ?"

"ಎಲ್ಲ ದ್ರವನೂ ಹಾಗೇ," ಎಂದಳು ಟೀಚರ್, ಮೇಜು ಒರೆಸುತ್ತ. ಅವಳ ಗಮನ ಸೋಮವಾರದ ಮೇಲಿತ್ತು. ಗಿಣಿಯ ಪ್ರಶ್ನೆ ಯಾವ ಕಡೆ ಹಾರುತ್ತದೆಂದು ಯೋಚಿಸಲಿಲ್ಲ.

ಅದು ಶನಿವಾರ ಸಂಜೆ ಬಂದು ಮನೆಯ ಮೇಜಿನ ಮೇಲೆ ಕೂತಿತು. ಡ್ರೈವರ್ ಔಷಧಿ ಅಂಗಡಿಯಿಂದ ಒಂದು ಬಿ.ಪಿ. ಯಂತ್ರ ತಂದಿದ್ದ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅದು ಗುರ್ರೆಂದು ಉಬ್ಬಿ, ತೋಳು ಹಿಂಡಿ, ನಿಧಾನಕ್ಕೆ ಉಸಿರು ಬಿಟ್ಟು ಅಂಕಿ ತೋರಿಸುತ್ತಿತ್ತು. ಮೊದಲು ನೂರ ಅರವತ್ತಾರು. ಮುಖ ಗಂಟಿಕ್ಕಿ ಮತ್ತೆ ಒತ್ತಿದ. ನೂರ ಎಪ್ಪತ್ತು. ಯಂತ್ರಕ್ಕೆ ಬೈದು ಒತ್ತಿದ. ನೂರ ಎಪ್ಪತ್ತೈದು.

"ಬೈದ್ರೆ ಅದಕ್ಕೂ ಬಿ.ಪಿ. ಬರುತ್ತೆ ಅಪ್ಪ," ಎಂದಳು ಗಿಣಿ. "ಈಗ ಕೈ ತಲೆ ಮೇಲೆ ಇಟ್ಕೋ."

"ಯಾಕೆ, ಪೊಲೀಸು ಬಂದ್ರಾ?"

"ಇಟ್ಕೋ ಅಂದೆ. ನಿನ್ನೆ ಅಮ್ಮ ಪಾಠ ಮಾಡಿದ್ದು. ನಲ್ಲಿ ಮೇಲೆ ಹೋದ್ರೆ ಒತ್ತಡ ಇಳಿಯುತ್ತೆ."

ಅವನು ಪಟ್ಟಿ ಸುತ್ತಿದ ತೋಳನ್ನು ಎತ್ತಿ ಅಂಗೈಯನ್ನು ನೆತ್ತಿಯ ಮೇಲಿಟ್ಟುಕೊಂಡ. ಯಂತ್ರ ಗುರ್ರೆಂದಿತು, ಉಬ್ಬಿತು, ಇಳಿಯಿತು. ನೂರ ಐವತ್ತೆರಡು.

ಡ್ರೈವರ್ ಅಂಕಿಯನ್ನು ನೋಡಿದ, ಮಗಳನ್ನು ನೋಡಿದ. ಕೈಯನ್ನು ಕುರ್ಚಿಯ ಪಕ್ಕಕ್ಕೆ ಜೋತುಬಿಟ್ಟು ಒತ್ತಿದ. ನೂರ ಎಂಬತ್ತರ ಹತ್ತಿರ. ಮತ್ತೆ ಮೇಲೆ. ಮತ್ತೆ ಇಳಿಯಿತು. ಎರಡು ದಿನದಿಂದ ಮಾಯವಾಗಿದ್ದ ಬಸ್ಸು ಅವನ ಬಾಯಿಗೆ ಮರಳಿತು. ಪೀಂ ಎಂದು ಹಾರ್ನ್ ಹೊಡೆದ.

"ಆದ್ರೆ ಡಿಪೋದಲ್ಲಿ ಬಿ.ಪಿ. ನೋಡೋ ಸಿಸ್ಟರ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ್ರೆ ಯಾರು ಸತ್ರು ಅಂತ ಕೇಳ್ತಾರೆ," ಎಂದ. ಕೂತಲ್ಲೇ ಯೋಚಿಸಿದ. ಆಮೇಲೆ ತೋಳನ್ನು ಇಳಿಸಿ ಮೇಜಿನ ಮೇಲಿಟ್ಟು, ಸೊಂಟವನ್ನು ಕುರ್ಚಿಯ ಅಂಚಿಗೆ ಜಾರಿಸಿದ. ಎದೆ ಇಳಿಯಿತು. ಗದ್ದ ಮೇಜಿಗೆ ತಾಗುವಷ್ಟಾಯಿತು. "ಕೈ ಏರಿಸೋದು ಯಾಕೆ? ಎದೆನೇ ಇಳಿಸಿದ್ರಾಯ್ತು. ನಲ್ಲಿ ಅಲ್ಲೇ ಇರ್ಲಿ, ಟ್ಯಾಂಕು ಜಾರ್ಲಿ."

ನೂರ ಐವತ್ತೇಳು.

ಅಡುಗೆಮನೆಯ ಬಾಗಿಲಲ್ಲಿ ಟೀಚರ್ ನಿಂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ. ಅದರಿಂದ ನೀರು ತೊಟ್ಟಿಕ್ಕುತ್ತಿದ್ದುದು ಅವಳಿಗೆ ಗೊತ್ತಿರಲಿಲ್ಲ.

"ರೀ, ನೆಟ್ಟಗೆ ಕೂತ್ಕೊಳ್ಳಿ."

"ನೀನೇ ಕಲಿಸಿದ ಪಾಠ."

"ನಾನು ನಲ್ಲಿ ಪಾಠ ಮಾಡಿದ್ದು. ಕಳ್ಳತನದ್ದಲ್ಲ. ನಲ್ಲಿ ಮೇಲೆ ಕಟ್ಟಿದ್ರೆ ಟ್ಯಾಂಕಿನ ನೀರು ಕಮ್ಮಿ ಆಯ್ತಾ? ನಿಮ್ಮ ತಲೆಯೊಳಗೆ ಹೋಗೋ ರಕ್ತ ಯಂತ್ರದ ಅಂಕಿ ಓದ್ಕೊಂಡು ಹೋಗುತ್ತಾ?"

"ಒಂದು ಸಹಿ ಬೀಳ್ಲಿ. ಆಮೇಲೆ ಉಪ್ಪು ಬಿಡ್ತೀನಿ, ನಡೀತೀನಿ, ಬೇಕಾದ್ರೆ ನಿಮ್ಮಮ್ಮನ ಜೊತೆ ಜಗಳ ಆಡೋದೂ ಬಿಡ್ತೀನಿ."

"ಮೂರು ಬಣ್ಣ ಒಟ್ಟಿಗೆ ಕಾಣೋವಾಗ ಹಿಂದೆ ಎಷ್ಟು ಜನ ಕೂತಿರ್ತಾರೆ?"

"ಯಾರಿಗೂ ಏನೂ ಆಗಿಲ್ಲ."

"ಇನ್ನೂ ಆಗಿಲ್ಲ," ಎಂದು ಅವಳು ಒಳಗೆ ಹೋದಳು. ಪಾತ್ರೆಗಳು ಒಂದಕ್ಕೊಂದು ಮಾತಾಡತೊಡಗಿದವು. ಆ ಮನೆಯಲ್ಲಿ ಟೀಚರ್ ಕೂಗುವುದಿಲ್ಲ, ಪಾತ್ರೆಗಳು ಕೂಗುತ್ತವೆ.

ಭಾನುವಾರ ಯಾರಿಗೂ ನಿಂತ ಕಡೆ ನಿಲ್ಲಲಾಗಲಿಲ್ಲ. ಅವನು ಊಟದ ಕುರ್ಚಿಯಲ್ಲಿ ಜಾರಿದ, ಸೋಫಾದಲ್ಲಿ ಜಾರಿದ. ಹಿಮ್ಮಡಿ ಊರಿ, ಬೆನ್ನು ಬಿಲ್ಲಾಗಿಸಿ, ಜಾರಿದ್ದು ಕಾಣದಂತೆ ಜಾರುವುದನ್ನು ರೂಢಿಸಿದ. ಪೇಪರ್ ಓದುವ ನೆಪದಲ್ಲಿ ಒಮ್ಮೆ, ಬೂಟಿನ ದಾರ ಕಟ್ಟುವ ನೆಪದಲ್ಲಿ ಒಮ್ಮೆ. ಗಿಣಿ ಸಿಸ್ಟರ್ ಆದಳು. ಡಿಪೋ ಸಿಸ್ಟರನ್ನು ಅವಳು ಕಂಡೇ ಇರಲಿಲ್ಲ. ಅಪ್ಪನ ಬಾಯಲ್ಲಿ ಕೇಳಿದ್ದಷ್ಟೇ. ನಕಲಿನ ನಕಲು. "ತೋಳು ಸಡ್ಲ ಬಿಡಿ. ಉಸಿರಾಡಿ. ಉಸಿರಾಡೋದು ಮರೀಬೇಡಿ, ನನಗೆ ತೊಂದ್ರೆ ಆಗುತ್ತೆ." ಪ್ರತಿ ಸಲವೂ ಅಂಕಿ ಇಳಿಯಿತು. ಪ್ರತಿ ಸಲ ನೆಟ್ಟಗೆ ಕೂತು ಗುಟ್ಟಾಗಿ ನೋಡಿದಾಗಲೂ ಅದು ತನ್ನ ಜಾಗಕ್ಕೆ ಏರಿ ಕೂತಿತು. ಟೀಚರ್ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಅವನನ್ನು ತಡೆಯಬೇಕೆಂದರೆ ತಾನೇ ಡಿಪೋಗೆ ಹೋಗಿ ಹೇಳಬೇಕು. ಹೇಳಿದರೆ ಅವನು ಅವಳ ಪಕ್ಕದಲ್ಲಿ ಜೀವಮಾನವಿಡೀ ಮಾತಿಲ್ಲದೆ ಕೂರುತ್ತಾನೆ. ಮಾತಿಲ್ಲದ ಅವನನ್ನು ಅವಳಿಗೆ ಊಹಿಸಲಾಗಲಿಲ್ಲ. ಹೇಳದಿದ್ದರೆ ಏನಾದೀತೆಂದು ಊಹಿಸುವುದು ಮಾತ್ರ ಸುಲಭವಾಗಿತ್ತು.

ಸೋಮವಾರ ಬೆಳಗಿನ ಮೊದಲ ಟ್ರಿಪ್ಪು ಅವನದೇ. ಅದು ಮುಗಿದ ಮೇಲೆ ತಪಾಸಣೆ. ಶಾಲೆ ಆ ದಾರಿಯಲ್ಲೇ ಇದ್ದುದರಿಂದ ತಾಯಿ ಮಗಳು ಬಸ್ ನಿಲ್ದಾಣದಲ್ಲೇ ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಬಸ್ಸು ತುಂಬಿತ್ತು. ಇಂಜಿನ್ ನಡುಗುತ್ತಿತ್ತು, ಬಸ್ಸು ಕದಲಲಿಲ್ಲ.

ಆ ಬಸ್ಸಿನ ಬ್ರೇಕು ಗಾಳಿಯದು. ರಾತ್ರಿಯಿಡೀ ನಿಂತ ಬಸ್ಸಿನ ಗಾಳಿತೊಟ್ಟಿಯ ಒತ್ತಡ ಇಳಿದಿರುತ್ತದೆ. ಇಂಜಿನ್ ಓಡಿಸಿ, ಮತ್ತೆ ತುಂಬಿ, ಡ್ರೈವರನ ಮುಂದಿನ ಗುಂಡನೆಯ ಗಾಳಿಮೀಟರಿನಲ್ಲಿ ಮುಳ್ಳು ಹಸಿರು ಪಟ್ಟಿಗೆ ಬರುವ ತನಕ ಅವನು ಹೊರಡುವವನಲ್ಲ. ಹಸಿರಿಗೆ ಮುಂಚೆಯೂ ಬಸ್ಸು ಓಡುತ್ತದೆ. ಓಡುವುದು ಯಾವ ದೊಡ್ಡ ಮಾತು, ನಿಲ್ಲಬೇಕಲ್ಲ.

ಹಿಂದಿನಿಂದ ಒಬ್ಬರು, "ಏನು ಗುರುವೇ, ಮುಹೂರ್ತ ನೋಡ್ತಿದೀಯಾ?" ಎಂದರು. ಇನ್ನೊಬ್ಬರು, "ಇಳಿದು ತಳ್ಳೋಣ್ವಾ?" ಎಂದರು. ಕಂಡಕ್ಟರ್ ಎರಡು ಸೀಟಿ ಊದಿ, "ಅಣ್ಣಾ, ಜನ ನನ್ನ ತಿಂದು ಹಾಕ್ತಾರೆ, ನಡಿ," ಎಂದ.

"ಬ್ರೇಕ್ ಇಲ್ದೆ ನಡೆದ್ರೆ ಮಾರ್ಕೆಟ್ಟಲ್ಲಿ ನೀನು ಹಣ್ಣಿನ ಅಂಗಡಿ ಒಳಗೇ ಟಿಕೆಟ್ ಕೊಡ್ಬೇಕಾಗುತ್ತೆ," ಎಂದ ಡ್ರೈವರ್. ಕಣ್ಣು ಮುಳ್ಳಿನ ಮೇಲೆ. ಮುಳ್ಳು ಹಸಿರಿನ ಅಂಚಿಗೆ ಬಂದು ನಡುಗುತ್ತಿತ್ತು.

ಗಿಣಿ ಪಕ್ಕದಿಂದ ಕತ್ತು ಚಾಚಿದಳು. "ಅಪ್ಪಾ, ಹಸಿರಿಗೆ ಬಂತಲ್ಲ."

"ಎಲ್ಲಿ ಬಂತು?"

"ಇಲ್ಲಿಂದ ನೋಡಿದ್ರೆ ಬಂದಿದೆ. ನೀನೂ ಸ್ವಲ್ಪ ಈ ಕಡೆ ಬಗ್ಗು, ಕಾಣುತ್ತೆ. ಹೊರಡು."

"ಹಾಗಲ್ಲ ಮರಿ. ನೆಟ್ಟಗೆ ಕೂತು ನೋಡ್ಬೇಕು. ಬಗ್ಗಿ ನೋಡಿದ್ರೆ ಮುಳ್ಳು ನಿನಗೆ ಬೇಕಾದ ಕಡೆ ಕಾಣುತ್ತೆ, ಆದ್ರೆ ಗಾಳಿ..."

ಮಾತು ಅಲ್ಲೇ ನಿಂತಿತು. ಇಂಜಿನ್ ಮಾತ್ರ ಗುಡುಗುತ್ತಿತ್ತು. ಗಿಣಿ, "ಆದ್ರೆ ಗಾಳಿ ಏನು?" ಎಂದಳು. ಕನ್ನಡಿಯಲ್ಲಿ ಅವನಿಗೆ ಹೆಂಡತಿ ಕಂಡಳು. ಅವಳು ಕಿಟಕಿಯಾಚೆ, ನೋಡಲು ಏನೂ ಇಲ್ಲದ ಒಂದು ಗೋಡೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು.

ಮುಳ್ಳು ಹಸಿರಿಗೆ ಬಂತು. ಅವನು ಬ್ರೇಕ್ ಬಿಟ್ಟ. ಆ 'ಫುಸ್ಸ್' ಬಸ್ಸಿನದು. ಅದರ ಹಿಂದೆಯೇ ಬಾಯಿಂದ ಇನ್ನೊಂದು 'ಫುಸ್ಸ್' ಸೇರಿಸುವ ಅವನ ದಿನದ ರೂಢಿ ಅಂದು ತಪ್ಪಿತು. ಗಿಣಿಯೇ ಅದನ್ನು ತುಂಬಿಕೊಟ್ಟಳು.

ಡಿಪೋದ ದವಾಖಾನೆ ಒಂದು ಕಿರಿದಾದ ಕೋಣೆ. ತಗ್ಗಾದ ಕಬ್ಬಿಣದ ಮೇಜು, ಕುರ್ಚಿ, ಮೂಲೆಯಲ್ಲಿ ತೂಕದ ಯಂತ್ರ, ಗೋಡೆಯ ಮೇಲೆ ಮೂಕ ಗಡಿಯಾರ. ಮೂಕ ಎಂದರೆ, ಟಿಕ್ ಎನ್ನುತ್ತಿರಲಿಲ್ಲ. ಸಿಸ್ಟರ್ ಅವನ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುವಷ್ಟರಲ್ಲಿ ಒಬ್ಬ ಮೆಕ್ಯಾನಿಕ್ ಬೆರಳು ಕುಯ್ದುಕೊಂಡು ಬಂದ. ಅವರು ಬೆನ್ನು ತಿರುಗಿಸಿ ಬೀರುವಿನಲ್ಲಿ ಹತ್ತಿ ಹುಡುಕತೊಡಗಿದರು.

ಇಂಥ ಬೆನ್ನು ಸಿಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಯಂತ್ರ ಗುರ್ರೆಂದಿತು. ಭಾನುವಾರದ ಅಭ್ಯಾಸ ಅವನನ್ನು ಕೇಳಲೂ ಇಲ್ಲ. ಹಿಮ್ಮಡಿ ತಾನಾಗಿ ಊರಿತು, ಸೊಂಟ ತಾನಾಗಿ ಜಾರಿತು, ಎದೆ ಮೇಜಿನ ಮಟ್ಟಕ್ಕೂ ಕೆಳಗೆ ಹೋಯಿತು. ಪಟ್ಟಿ ಉಬ್ಬಿ ತೋಳನ್ನು ಹಿಂಡಿತು. ಅಲ್ಲಿಂದ ಕಂಡದ್ದು ಯಂತ್ರದ ಮುಖ. ಓರೆಯಾಗಿ, ಕೆಳಗಿನಿಂದ. ಇಲ್ಲಿಂದ ನೋಡಿದ್ರೆ ಬಂದಿದೆ.

ಅವನು ಇನ್ನೊಂದು ಕೈ ಚಾಚಿ ಗುಂಡಿ ಒತ್ತಿದ. ಯಂತ್ರ ಅರ್ಧದಲ್ಲೇ ಉಸಿರು ಬಿಟ್ಟಿತು.

ಸದ್ದಿಗೆ ಸಿಸ್ಟರ್ ತಿರುಗಿದರು. "ಯಾಕ್ರೀ ನಿಲ್ಸಿದ್ರಿ?"

"ಜಾರಿದ್ದೆ ಸಿಸ್ಟರ್."

"ಕುರ್ಚಿಯಿಂದಾ?"

"ಹೂಂ. ಬೇಕಂತ."

ಸಿಸ್ಟರ್ ಮೆಕ್ಯಾನಿಕ್ಕನ ಬೆರಳಿಗೆ ಹತ್ತಿ ಒತ್ತಿ, ಹಿಡ್ಕೊಂಡಿರು ಎಂದು ಅವನ ಕೈಗೇ ಕೊಟ್ಟು ಬಂದರು. "ಇಲ್ಲಿ ಜಾರೋರು ದಿನಾ ಬರ್ತಾರೆ. ಬೆಳ್ಳುಳ್ಳಿ ಅಗಿದು ಬರ್ತಾರೆ, ಉಸಿರು ಕಟ್ಕೊಂಡು ಬರ್ತಾರೆ. ಜಾರಿದೆ ಅಂತ ಹೇಳ್ಕೊಂಡೋರು ನೀವೇ ಮೊದಲು. ನೆಟ್ಟಗೆ ಕೂತ್ಕೊಳ್ಳಿ."

ನೆಟ್ಟಗೆ ಕೂತ. ಮೇಜು ತಗ್ಗು, ಆಳು ಉದ್ದ. ಪಟ್ಟಿ ಈಗ ಎದೆಗಿಂತ ಕೆಳಗಿತ್ತು. ಅವನು ಹೇಳುವ ಮುಂಚೆಯೇ ಸಿಸ್ಟರ್ ಒಂದು ದಿಂಬು ತಂದು ತೋಳಿನ ಕೆಳಗೆ ಸೇರಿಸಿದರು. ಪಟ್ಟಿ ಎದೆಯ ಮಟ್ಟಕ್ಕೆ ಬಂತು. ಅವನು ಅದನ್ನು ಕಣ್ಣಲ್ಲೇ ಅಳೆದ. ಬಸ್ಸನ್ನು ಎರಡು ಲಾರಿಗಳ ನಡುವೆ ನುಗ್ಗಿಸುವಾಗಿನ ಕಣ್ಣು. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

"ಐದು ನಿಮಿಷ ಸುಮ್ನೆ ಕೂತಿರಿ. ಮಾತಾಡ್ಬೇಡಿ. ಮಾತಾಡಿದ್ರೂ ಏರುತ್ತೆ."

ಅವನಿಗೆ ಕೊಡಬಹುದಾದ ಶಿಕ್ಷೆಗಳಲ್ಲಿ ಇದಕ್ಕಿಂತ ದೊಡ್ಡದು ಇರಲಿಲ್ಲ. ಬಾಯೊಳಗೆ ಸಿಸ್ಟರ್, ಮೆಕ್ಯಾನಿಕ್, ಬೀರುವಿನ ಬಾಗಿಲು ಎಲ್ಲ ಸಾಲಾಗಿ ನಿಂತು ಹೊರಗೆ ಬಿಡು ಎನ್ನುತ್ತಿದ್ದವು. ತುಟಿ ಬಿಗಿಹಿಡಿದ. ಯಂತ್ರ ಗುರ್ರೆಂದಿತು. ನೂರ ಅರವತ್ತೈದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ನೂರ ಅರವತ್ತಮೂರು.

ಮೂರು. ಅರ್ಧ ಅಂಗೈಯಷ್ಟು ಜಾರಿದ್ದರೆ ಆ ಮೂರೂ ಜಾರುತ್ತಿದ್ದವು.

ಒಳಕೋಣೆಯಲ್ಲಿ ಡಾಕ್ಟರ್ ಅಂಕಿಗಳನ್ನು ನೋಡಿದರು. ಅವರ ದನಿಯಲ್ಲಿ ಹತ್ತಿ ಇರಲಿಲ್ಲ. ನಾಲ್ಕು ದಿನದಿಂದ ಮನೆಯಲ್ಲಿ ಮಾತಾಡುತ್ತಿದ್ದ ಡಾಕ್ಟರೇ ಬೇರೆ, ಇವರೇ ಬೇರೆ.

"ಬೇರೆ ಏನಾದ್ರೂ ತೊಂದ್ರೆ ಇದೆಯಾ? ತಲೆನೋವು, ಕಣ್ಣು ಮಂಜಾಗೋದು?"

ಅವನು ಬೂಟು ನೋಡಿಕೊಂಡ. "ಒಂದ್ಸಲ ಸಿಗ್ನಲ್‌ನಲ್ಲಿ ಮೂರೂ ಬಣ್ಣ ಒಟ್ಟಿಗೆ ಕಂಡ್ವು ಸಾರ್."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಆಮೇಲೆ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಇನ್ನೊಂದು ತೋಳಿಗೂ ಪಟ್ಟಿ ಸುತ್ತಿದರು, ರಕ್ತ ತೆಗೆಸಿದರು. "ಇವತ್ತಿಂದ ಮಾತ್ರೆ. ಒಂದು ತಿಂಗಳು ಸ್ಟೀರಿಂಗ್ ಬೇಡ. ಆಮೇಲೆ ನೋಡೋಣ."

"ಗೋದಾಮಾ ಸಾರ್?"

"ಗೋದಾಮೇ."

"ಅಲ್ಲಿಂದ ಯಾರಾದ್ರೂ ವಾಪಸ್ ಬಂದಿದ್ದಾರಾ?"

"ಮಾತ್ರೆ ತಗೊಂಡೋರು ಬಂದಿದ್ದಾರೆ," ಎಂದರು ಡಾಕ್ಟರ್.

ಸಂಜೆ ಶಾಲೆಯ ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಾಗ ಟೀಚರ್ ಮೊದಲು ನೋಡಿದ್ದು ಡ್ರೈವರನ ಸೀಟನ್ನು. ಅಲ್ಲಿ ಬೇರೆ ಯಾರೋ ಇದ್ದರು. ಅವಳ ಕಾಲು ಮೆಟ್ಟಿಲ ಮೇಲೆ ಒಂದು ಕ್ಷಣ ಹಾಗೇ ನಿಂತಿತು. ಹಿಂದಿನವರು "ಹತ್ತಮ್ಮ" ಎಂದರು. ಹತ್ತಿದಾಗ ಅವನು ಕಂಡ. ಬೆಳಿಗ್ಗೆ ಇವರಿಬ್ಬರು ಕೂತಿದ್ದ ಸೀಟಿನಲ್ಲೇ, ಕೈಯಲ್ಲಿ ಮಾತ್ರೆಯ ಪೊಟ್ಟಣ, ಅಂಗಿಯ ತೋಳಿಗೆಲ್ಲ ಟೈರಿನ ಮಸಿ. ಎದ್ದು ಕಿಟಕಿ ಪಕ್ಕ ಬಿಟ್ಟುಕೊಟ್ಟ. ಅವಳು ಕೂತಳು. ಮಸಿಯ ತೋಳನ್ನು ತನ್ನ ಸೀರೆಗೆ ತಾಗಿದಂತೆಯೇ ಬಿಟ್ಟಳು.

ಗಿಣಿ ಅಪ್ಪನ ಮುಖ ನೋಡಿದಳು. ಡಾಕ್ಟರ್ ದನಿ ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಎಷ್ಟು?" ಎಂದಳು, ತನ್ನದೇ ದನಿಯಲ್ಲಿ.

"ಮೂರು ಜಾಸ್ತಿ."

"ಜಾರಲಿಲ್ವಾ?"

"ಜಾರಿದೆ. ಆಮೇಲೆ ಎದ್ದೆ."

ಬಸ್ಸು ಹೊರಟಿತು. ತಿರುವು ಬಂತು. ಹೊಸ ಡ್ರೈವರ್ ಬ್ರೇಕನ್ನು ಒಂದಿಷ್ಟು ತಡವಾಗಿ ಒತ್ತಿದ. ಅವನಿಗಿಂತ ಮೊದಲೇ ಸೀಟಿನ ಕೆಳಗೆ ಒಂದು ಬೂಟು ನೆಲವನ್ನು ಒತ್ತಿತ್ತು. ಮುಂದಿನ ಸಿಗ್ನಲ್‌ನಲ್ಲೂ ಒತ್ತಿತು. ಮುಂದೆ ಆಟೋ ಅಡ್ಡ ಬಂದಾಗಲೂ ಒತ್ತಿತು.

"ರೀ, ಕಾಲು ತೆಗೀರಿ. ಬಸ್ಸಿನ ನೆಲ ತೂತಾಗುತ್ತೆ."

"ಒತ್ತಡ ಅಂದ್ರೆ ಬಲ, ಅದನ್ನ ಭಾಗಿಸೋದು ವಿಸ್ತೀರ್ಣದಿಂದ, ಟೀಚರಮ್ಮ. ಬೂಟಿನ ಅಟ್ಟೆ ಅಗಲ ಇದೆ. ತೂತಾಗಲ್ಲ."

ಅವಳು ನಕ್ಕಳು. ಗುರುವಾರದಿಂದ ಮೊದಲ ಸಲ. ಅವನು ಕತ್ತು ಚಾಚಿ ಡ್ರೈವರನ ಹೆಗಲ ಮೇಲಿಂದ ಗುಂಡನೆಯ ಗಾಳಿಮೀಟರಿನ ಮುಳ್ಳು ನೋಡಿದ. ಹಸಿರಿನಲ್ಲೇ ಇದ್ದ ಹಾಗಿತ್ತು. ಇಲ್ಲಿಂದ ನೋಡಿದರೆ. ಮತ್ತೆ ಕತ್ತು ಚಾಚಿದ, ಈ ಕಡೆಯಿಂದ, ಆಮೇಲೆ ಆ ಕಡೆಯಿಂದ. ಕೊನೆಗೆ ತಡೆಯಲಾಗದೆ ಎದ್ದು, ಕಂಬಿ ಹಿಡಿದು, ಹೊಸಬನ ಬೆನ್ನ ಹಿಂದೆ ನೆಟ್ಟಗೆ ನಿಂತ.

"ತಮ್ಮಾ, ಗಾಳಿ ಎಷ್ಟಿದೆ?"

"ಹಸಿರಲ್ಲಿದೆ ಅಣ್ಣ. ಆರಾಮಾಗಿ ಕೂತ್ಕೊಳ್ಳಿ."

"ಕೂತ್ಕೋತೀನಿ," ಎಂದ. ಮುಂದಿನ ಸ್ಟಾಪು ಬರುವ ತನಕ ಅಲ್ಲೇ ನಿಂತಿದ್ದ, ಬಲಗಾಲನ್ನು ಒಂದಿಷ್ಟು ಮುಂದಿಟ್ಟುಕೊಂಡು.